ತೊಟ್ಟಿಮನೆ ಸಾಮಾನಿನ ಹರಾಜಿಗೆ ಹೋಗುವವರಿಗೆ

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ತೊಟ್ಟಿಮನೆಗಳು ಒಂದೊಂದಾಗಿ ಉರುಳುತ್ತಿವೆ. ಮಕ್ಕಳು ಬೆಂಗಳೂರು, ಮೈಸೂರು ಸೇರಿರುತ್ತಾರೆ. ಅಜ್ಜಿ ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಜಾಗ ಹಂಚಿಕೊಳ್ಳುತ್ತಾರೆ. ಆಮೇಲೆ ಮನೆಯೊಳಗಿನ ಸಾಮಾನಿನ ಮಾತು ಬರುತ್ತದೆ. ಬಿಂದಿಗೆ, ತಪ್ಪಲೆ ಹೇಗೋ ಹಂಚಬಹುದು, ತೂಗುಮಂಚ ಹಂಚೋಕಾಗಲ್ಲ. ಫ್ಲಾಟಿನ ಬಾಗಿಲಲ್ಲಿ ಅದು ಹಿಡಿಸುವುದೂ ಇಲ್ಲ. ಹೀಗೆ ಉಳಿದದ್ದು ಹರಾಜಿಗೆ ಬರುತ್ತದೆ.

ಪಾಂಡವಪುರ, ಕೆ.ಆರ್. ಪೇಟೆ, ತಿ. ನರಸೀಪುರ, ಕೆ.ಆರ್. ನಗರದ ಸುತ್ತಮುತ್ತ ಇಂಥ ಹರಾಜಿಗೆ ಹೋಗಿ ಬಂದವರು ಒಂದೋ ‘ಅಗ್ಗಕ್ಕೆ ಸಿಕ್ತು’ ಅನ್ನುತ್ತಾರೆ, ಇಲ್ಲವೇ ‘ಸರಿಯಾಗಿ ಟೋಪಿ ಬಿತ್ತು’ ಅನ್ನುತ್ತಾರೆ. ಎರಡೂ ತೀರ್ಮಾನವಾಗುವುದು ಕೂಗು ಶುರುವಾಗುವ ಮೊದಲೇ, ಸಾಮಾನನ್ನು ಮುಟ್ಟಿ, ತಿರುವಿ, ತೂಗಿ ನೋಡುವ ಒಂದೆರಡು ಗಂಟೆಯಲ್ಲಿ. ಹಾಗಾಗಿ ಈ ಬರಹದಲ್ಲೂ ಹೆಚ್ಚು ಜಾಗ ಅದಕ್ಕೇ ಹೋಗಿದೆ.

ಯಾರು ಮಾರುತ್ತಿದ್ದಾರೆ?

ಹರಾಜಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ವಿಚಾರಿಸಬೇಕಾದ್ದು ಇದು. ಮನೆಯವರೇ ಅಂಗಳದಲ್ಲಿ ಸಾಮಾನು ಹರಡಿ, ಊರಿನ ಗಟ್ಟಿ ದನಿಯವರೊಬ್ಬರಿಂದ ಕೂಗಿಸುವುದು ಒಂದು ಬಗೆ. ಮನೆ ಒಡೆಯುವ ಗುತ್ತಿಗೆದಾರ ಒಟ್ಟಿಗೆ ಇಷ್ಟು ಅಂತ ಕೊಟ್ಟು ತೆಗೆದುಕೊಂಡು, ಕಂಬ, ತೊಲೆ, ಬಾಗಿಲು, ಹೆಂಚು ಎಲ್ಲವನ್ನೂ ಬಿಡಿಬಿಡಿಯಾಗಿ ಮಾರುವುದು ಇನ್ನೊಂದು ಬಗೆ. ಸಾಲದ ಡಿಕ್ರಿ ಮೇಲೆ ಜಪ್ತಿಯಾದ ಸಾಮಾನನ್ನು ಕೋರ್ಟಿನ ಅಮೀನರು ಹರಾಜು ಹಾಕುವುದು ಬೇರೆಯೇ ಬಗೆ.

ಮನೆಯವರ ಹರಾಜಾದರೆ ಎಲ್ಲ ವಾರಸುದಾರರೂ ಒಪ್ಪಿದ್ದಾರೆಯೇ ಅಂತ ಮೆತ್ತಗೆ ಕೇಳಿ. 2005ರ ತಿದ್ದುಪಡಿ ಬಂದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತೋಟ, ಗದ್ದೆಯ ವಿಷಯ ಬಂದಾಗ ಇದು ನೆನಪಿರುತ್ತದೆ. ಅಟ್ಟದ ಮೇಲಿನ ಕೊಪ್ಪರಿಗೆಯ ವಿಷಯದಲ್ಲಿ ಮರೆತುಹೋಗುತ್ತದೆ. ಹರಾಜು ಅರ್ಧ ನಡೆದಿರುವಾಗ ಮಳವಳ್ಳಿಯಿಂದ ಮಗಳು ಬಂದಿಳಿದು ‘ಅವ್ವನ ಪೆಟ್ಟಿಗೆ ಯಾರನ್ನ ಕೇಳಿ ಮಾರ್ತಿದೀರಿ?’ ಅಂತ ನಿಂತರೆ ನಿಮ್ಮ ದುಡ್ಡೂ ಸಿಕ್ಕಿಕೊಳ್ಳುತ್ತದೆ, ಮನಸ್ಸೂ ಕೆಡುತ್ತದೆ. ‘ಅಕ್ಕಂದ್ರೆಲ್ಲ ಬಂದವ್ರಾ ಯಜಮಾನ್ರೇ?’ ಅಂತ ಒಂದು ಮಾತು ಕೇಳಿದರೆ ಬರುವ ಉತ್ತರದಲ್ಲೇ ಮನೆಯ ಪರಿಸ್ಥಿತಿ ತಿಳಿಯುತ್ತದೆ.

ಕೋರ್ಟ್ ಹರಾಜಿಗೆ ಅದರದೇ ಶಿಸ್ತು ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ, ಹೆಂಗಸರು ಧರ್ಮಾಚಾರದ ಪ್ರಕಾರ ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಹತಾರ ಇವನ್ನು ಜಪ್ತಿ ಮಾಡುವಂತಿಲ್ಲ. ಆದ್ದರಿಂದ ಅಲ್ಲಿ ಅಡುಗೆಮನೆ ಸಾಮಾನು ಹುಡುಕಿಕೊಂಡು ಹೋಗಬೇಡಿ. ಚರ ಸ್ವತ್ತಿನ ಬೆಲೆಯನ್ನು ಹರಾಜಾದ ಆಗಲೇ, ಅಥವಾ ಅಧಿಕಾರಿ ಹೇಳಿದಷ್ಟು ಬೇಗ ಕಟ್ಟಬೇಕು. ಕಟ್ಟದಿದ್ದರೆ ಅದನ್ನು ಮತ್ತೆ ಹರಾಜು ಹಾಕುತ್ತಾರೆ. ದುಡ್ಡು ಕಟ್ಟಿ ರಸೀದಿ ಪಡೆದರೆ ಸಾಮಾನು ನಿಮ್ಮದು. ಅಲ್ಲಿ ಚೌಕಾಸಿಗೆ ಜಾಗವಿಲ್ಲ.

ಮನೆ ಹರಾಜು ಬಹುತೇಕ ಭಾನುವಾರ ಇರುತ್ತದೆ. ಮಂಗಳವಾರ, ಶುಕ್ರವಾರ ಮನೆಯಿಂದ ಸಾಮಾನು ಆಚೆ ಕಳಿಸಲು ಹಿರಿಯರು ಒಪ್ಪುವುದಿಲ್ಲ. ಆಷಾಢ, ಪಿತೃಪಕ್ಷದಲ್ಲೂ ಹಿಂದೇಟು ಹಾಕುವವರಿದ್ದಾರೆ. ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ಅದಕ್ಕೆ ಮೊದಲು ಮುಗಿಸಬೇಕು ಅನ್ನುವ ಅವಸರದಲ್ಲಿ ಮೂರೂವರೆ ಆದ ಮೇಲೆ ಕೂಗುವವರು ಸರಸರನೆ ಸಾಗುತ್ತಾರೆ. ಸಣ್ಣಪುಟ್ಟದ್ದನ್ನು ಗುಡ್ಡೆ ಹಾಕಿ ಒಂದೇ ಕೂಗಿಗೆ ಬಿಡುವುದೂ ಆಗಲೇ. ಊಟಕ್ಕೆ ಅಂತ ಎದ್ದು ಹೋದವರಿಗೆ ಇದು ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ.

ಕಣ್ಣು ಪಳಗಿಸಿಕೊಳ್ಳಿ

ಒಳ್ಳೆಯದು ಯಾವುದು ಅಂತ ಗೊತ್ತಿಲ್ಲದಿದ್ದರೆ ಹರಾಜಿನಲ್ಲಿ ಎಲ್ಲವೂ ಒಳ್ಳೆಯದಾಗಿಯೇ ಕಾಣುತ್ತದೆ. ಮೈಸೂರಿನವರಿಗೆ ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರವಿವರ್ಮನ ಮೂಲ ಚಿತ್ರಗಳೂ ಮೈಸೂರು ಶೈಲಿಯ ಚಿತ್ರಗಳೂ ಇವೆ. ಬೆಂಗಳೂರು ಕಡೆ ಹೋಗುವಾಗ ರಾಮನಗರದ ಹತ್ತಿರ ಜಾನಪದ ಲೋಕ ಇದೆ; ಕಟ್ಟಿದವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಕೃಷಿಯ, ಅಡುಗೆಮನೆಯ ಹಳೆಯ ಸಾಮಾನು ಏನೇನಕ್ಕೆ ಬಳಕೆಯಾಗುತ್ತಿತ್ತು ಅನ್ನುವುದು ಅಲ್ಲಿ ತಿಳಿಯುತ್ತದೆ. ಬಳಕೆ ಗೊತ್ತಿದ್ದರೆ ಸವೆತ ಎಲ್ಲಿರಬೇಕು ಅನ್ನುವುದೂ ಗೊತ್ತಾಗುತ್ತದೆ. ಈಳಿಗೆಮಣೆ ಕೂರುವ ಜಾಗದಲ್ಲಿ ನುಣುಪಾಗಿರಬೇಕು, ಕಡೆಗೋಲು ಹಗ್ಗ ಸುತ್ತುವ ಜಾಗದಲ್ಲಿ ಸವೆದಿರಬೇಕು, ಅಳಗುಳಿಮಣೆಯ ಗುಳಿಗಳ ಅಂಚು ಮೊಂಡಾಗಿರಬೇಕು. ಬೆರಳು ತಾಗದ ಮೂಲೆಯೂ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ಜೋಳಿಗೆಯಲ್ಲಿ ಏನಿರಬೇಕು

ಟಾರ್ಚು, ಟೇಪು, ಸಣ್ಣ ಅಯಸ್ಕಾಂತ, ಭೂತಗನ್ನಡಿ, ಒದ್ದೆ ಬಟ್ಟೆ, ಮೀನಿನವರು ಹಿಡಿಯುವಂಥ ಕೊಕ್ಕೆ ತಕ್ಕಡಿ. ಮನೆಯಲ್ಲಿ ಮಂಚ ಇಡಬೇಕೆಂದಿರುವ ಗೋಡೆಯ ಅಳತೆ, ಮುಂಬಾಗಿಲಿನ ಅಗಲ, ಮೆಟ್ಟಿಲ ತಿರುವಿನ ಅಗಲ, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚಿಲ್ಲರೆ ನೋಟು ಇರಲಿ. ಹಳ್ಳಿಯಲ್ಲಿ ಫೋನ್‌ಪೇ ಆಗುತ್ತದೆ, ಆದರೆ ಇನ್ನೂರು ಜನ ಒಂದೇ ಟವರಿನ ಕೆಳಗೆ ನಿಂತಾಗ ಅದನ್ನು ನಂಬಬೇಡಿ. ದೊಡ್ಡ ಮೊತ್ತವಾದರೆ ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಮುಟ್ಟಿ ನೋಡುವುದು

ಹಿಂದಿನ ದಿನ ಸಂಜೆಯೇ ಹೋಗಿ ನೋಡಲು ಬಿಡುತ್ತಾರೆಯೇ ಕೇಳಿ. ಇಲ್ಲವೆಂದರೆ ಬೆಳಗ್ಗೆ ಎಂಟಕ್ಕೆಲ್ಲ ಅಲ್ಲಿರಿ.

ಮೊದಲು ಹಂಡೆ. ಈ ಭಾಗದ ಹರಾಜಿನಲ್ಲಿ ಹೆಚ್ಚು ಕೈ ಮೇಲೇಳುವುದು ಹಿತ್ತಾಳೆ, ತಾಮ್ರದ ಸಾಮಾನಿಗೆ. ಹಂಡೆಯನ್ನು ಬಿಸಿಲಿಗೆ ತಂದು ಬಾಯಿ ಮೇಲೆ ಮಾಡಿ ಒಳಗೆ ನೋಡಿ. ಕೈಯಲ್ಲಿ ತಟ್ಟಿ ಮಾಡಿದ್ದಾದರೆ ಸುತ್ತಿಗೆಯ ಗುರುತುಗಳು ಸಾಲಾಗಿ, ಆದರೆ ಸ್ವಲ್ಪ ಏರುಪೇರಾಗಿ ಕಾಣುತ್ತವೆ. ಯಂತ್ರದಲ್ಲಿ ತಿರುಗಿಸಿದ್ದಾದರೆ ಗೆರೆಗಳು ಉಂಗುರದ ಹಾಗೆ ಒಂದೇ ಸಮ ಸುತ್ತುತ್ತವೆ. ಆಮೇಲೆ ತಲೆಕೆಳಗು ಮಾಡಿ. ಒಲೆಯ ಮೇಲೆ ವರ್ಷಾನುಗಟ್ಟಲೆ ಕೂತ ತಳ ತೆಳ್ಳಗಾಗಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗಬಾರದು. ಮಸಿಯ ಕೆಳಗೆ ಬೆಸುಗೆ ಬಚ್ಚಿಟ್ಟುಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಳಿಚಿದ ತೇಪೆ ಇದೆಯೇ ನೋಡಿ. ಒಂದು ಬಿಂದಿಗೆ ನೀರು ಕೇಳಿ ಪಡೆದು ಹಂಡೆಗೆ ಸುರಿದು, ಕೆಳಗೆ ಒಣ ಕಾಗದ ಹಾಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಸೋರುವುದು ಅದಾಗಿಯೇ ಹೇಳುತ್ತದೆ. ಮನೆಯವರು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ, ಸಂತೆಯಲ್ಲಿ ಅವರೂ ಹಾಗೆಯೇ ಕೊಳ್ಳುವವರು.

ಅಯಸ್ಕಾಂತ ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಹಿತ್ತಾಳೆ ಬಣ್ಣ. ಅಂಟಿಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಹಿತ್ತಾಳೆಯೇ ಆಗಬೇಕಿಲ್ಲ, ಅಲ್ಯೂಮಿನಿಯಮ್ಮಿಗೂ ಅದು ಅಂಟುವುದಿಲ್ಲ. ಕೈಯಲ್ಲಿ ಎತ್ತಿದರೆ ಭಾರ ಹೇಳುತ್ತದೆ. ಕಂಚಿನ ಗಂಗಾಳವನ್ನು ಬೆರಳತುದಿಯಲ್ಲಿ ತೂಗುಬಿಟ್ಟು ಉಗುರಿನಿಂದ ತಟ್ಟಿದರೆ ಸದ್ದು ಬಹಳ ಹೊತ್ತು ನಿಲ್ಲುತ್ತದೆ. ಕಂಚು ತಾಮ್ರಕ್ಕೆ ತವರ ಸೇರಿಸಿದ್ದು, ಹಿತ್ತಾಳೆ ತಾಮ್ರಕ್ಕೆ ಸತು ಸೇರಿಸಿದ್ದು. ಕಂಚು ಬಿದ್ದರೆ ಸೀಳುತ್ತದೆ. ಸದ್ದು ಟಪ್ ಅಂತ ಸತ್ತರೆ ಎಲ್ಲೋ ಕೂದಲೆಳೆ ಬಿರುಕಿದೆ. ಲೋಹದ ಕೆಲಸಕ್ಕೆ ನಾಗಮಂಗಲ ಹೆಸರುವಾಸಿ. ‘ನಾಗಮಂಗಲದ ಹಳೇ ಎರಕ’ ಅಂತ ಹೇಳಿ ಬೆಲೆ ಏರಿಸುವವರೂ ಇದ್ದಾರೆ. ಹೆಸರಿಗೆ ದುಡ್ಡು ಕೊಡಬೇಡಿ, ಎರಕದ ದಪ್ಪಕ್ಕೆ, ಕೆತ್ತನೆಯ ಅಂಚಿನ ಚೊಕ್ಕತನಕ್ಕೆ ಕೊಡಿ.

ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಇದೆಯೇ ನೋಡುವುದನ್ನು ಮರೆಯಬೇಡಿ. ಮದುವೆಗೆ ಮುಯ್ಯಿ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮ ಕಡೆ ಇವತ್ತಿಗೂ ಇದೆ. ಇನಿಶಿಯಲ್ಲು, ಊರಿನ ಹೆಸರು, ಅದೃಷ್ಟವಿದ್ದರೆ ತಾರೀಖು. ‘ನೂರೈವತ್ತು ವರ್ಷದ್ದು ಸಾರ್’ ಅಂದ ಕೊಳಗದ ಮೇಲೆ 1962ರ ಮದುವೆ ತಾರೀಖು ಇದ್ದರೆ ಮಾತು ಮುಗಿಯಿತು. ಹಾಗಂತ ಅದೇನೂ ಕಳಪೆಯಲ್ಲ, 1962ರ ಹಿತ್ತಾಳೆ ದಪ್ಪ ಇರುತ್ತದೆ. ಇನ್ನೊಂದು ಮಾತು: ಹೆಸರು ಆ ಮನೆಯ ಅಜ್ಜಿಯದೇ ಆಗಿದ್ದರೆ, ಮನೆಯವರಿಗೆ ಒಮ್ಮೆ ತೋರಿಸಿ. ಎಷ್ಟೋ ಸಲ ಅವರು ಅದನ್ನು ನೋಡಿಯೇ ಇರುವುದಿಲ್ಲ. ‘ಅಯ್ಯೋ, ಇದು ನಮ್ಮಜ್ಜಿದು, ಕೊಡಕ್ಕಿಲ್ಲ ಕಣಣ್ಣ’ ಅಂದರೆ ಬಿಟ್ಟುಬಿಡಿ. ಮಿಕ್ಕ ಸಾಮಾನನ್ನು ಅವರು ನಿಮಗೆ ಮನಸಾರೆ ತೋರಿಸುತ್ತಾರೆ.

ಮರದ ಸಾಮಾನಿಗೆ ಇನ್ನೂ ಹೆಚ್ಚು ಹೊತ್ತು ಕೊಡಿ. ಪಾಲಿಶ್ ಇರುವ ಕಡೆ ಏನೂ ತಿಳಿಯುವುದಿಲ್ಲ. ಮಂಚದ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಡಿ; ಬೀರುವಿನ ಖಾನೆಯನ್ನು ಪೂರ್ತಿ ಹೊರಗೆಳೆದು ಅದರ ತಳ ನೋಡಿ. ಬೀಟೆ ಕಪ್ಪು ನೇರಳೆ ಗೆರೆಗಳ ಭಾರದ ಮರ. ಅಗ್ಗದ ಮರಕ್ಕೆ ಕಪ್ಪು ಬಣ್ಣ ಬಳಿದಿದ್ದರೆ ಒಳಮೈಯಲ್ಲಿ, ಕೂಡಿನ ಸಂದಿಯಲ್ಲಿ ಮಾಸಲು ಹಳದಿ ಇಣುಕುತ್ತದೆ. ಕೈಯಲ್ಲಿ ಕೊರೆದ ಕೂಡುಗಳ ಹಲ್ಲುಗಳು ಒಂದರ ಹಾಗೆ ಒಂದು ಇರುವುದಿಲ್ಲ. ತಲೆಯ ಮೇಲೆ ಪ್ಲಸ್ ಗುರುತಿರುವ ಸ್ಕ್ರೂ ಜಗತ್ತಿನಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ‘ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಂಚ’ದಲ್ಲಿ ಅಂಥ ಸ್ಕ್ರೂ ಇದ್ದರೆ ಒಂದೋ ರಿಪೇರಿಯಾಗಿದೆ, ಇಲ್ಲವೇ ಕತೆ ಕಟ್ಟಿದ್ದಾರೆ. ರಿಪೇರಿಯಾಗಿದ್ದರೆ ತಪ್ಪೇನಿಲ್ಲ, ಬೆಲೆ ಇಳಿಸಿ ಹಿಡಿಯಿರಿ.

ಹುಳುವಿನ ತೂತು ಕಂಡ ತಕ್ಷಣ ಗಾಬರಿ ಬೇಡ. ತೂತು ಕಪ್ಪಗೆ, ಧೂಳು ತುಂಬಿ ಹಳೆಯದಾಗಿದ್ದರೆ ಹುಳು ಎಂದೋ ಹೋಗಿದೆ. ಕಾಲು ಕುಟ್ಟಿದಾಗ ಬಿಳಿಚಿದ ಹೊಸ ಪುಡಿ ಉದುರಿದರೆ ಒಳಗೆ ಇನ್ನೂ ತಿನ್ನುತ್ತಿದೆ, ಮನೆಗೆ ತಂದರೆ ಉಳಿದ ಮರಕ್ಕೂ ಹರಡುತ್ತದೆ. ಕಂಬ, ಬಾಗಿಲುವಾಡ ಕೊಳ್ಳುವವರು ನೆಲಕ್ಕೆ ತಾಗಿದ್ದ ತುದಿಯನ್ನು ಬೀಗದ ಕೈಯಿಂದ ಚುಚ್ಚಿ ನೋಡಿ, ಗೆದ್ದಲು ಶುರುವಾಗುವುದು ಅಲ್ಲಿಂದಲೇ. ತೂಗುಮಂಚದ ಹಿತ್ತಾಳೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಣಿಸಿ, ನಾಲ್ಕೂ ಕಡೆ ಸಮ ಇವೆಯೇ ನೋಡಿ. ಒಂದೆರಡು ಕೊಂಡಿ ಕಾಣೆಯಾಗಿ ಕಬ್ಬಿಣದ ತಂತಿ ಸುತ್ತಿರುವುದು ಮಾಮೂಲು.

ಚಿತ್ರಪಟಗಳಲ್ಲಿ ಮೋಸ ಹೆಚ್ಚು. ಮೈಸೂರು ಶೈಲಿಯಲ್ಲಿ ಚಿನ್ನದ ಹಾಳೆಯ ಕೆಳಗಿನ ಉಬ್ಬು ಕೆಲಸ ತೆಳು, ನಯ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಗಾಜಿನ ಹರಳೂ ಕೂರಿಸಿರುತ್ತಾರೆ. ಚಿನ್ನ ಕಪ್ಪಾಗುವುದಿಲ್ಲ, ಕಂದಿದ್ದರೆ, ಹಸಿರು ತಿರುಗಿದ್ದರೆ ಅದು ಚಿನ್ನವಲ್ಲ. ನಡುಮನೆಯಲ್ಲಿ ಸಾಲಾಗಿ ತೂಗುಹಾಕಿದ್ದ ಲಕ್ಷ್ಮಿ, ಸರಸ್ವತಿಯರೆಲ್ಲ ‘ರವಿವರ್ಮನದು’ ಅಂತಲೇ ಹರಾಜಿಗೆ ಬರುತ್ತವೆ. ಅವು ಅಚ್ಚು ಚಿತ್ರಗಳು. ರವಿವರ್ಮ ಮುದ್ರಣಾಲಯ ಮುಂಬೈಯಲ್ಲಿ 1894ರಲ್ಲಿ ಶುರುವಾಗಿ, ಆಮೇಲೆ ಲೋನಾವಳದ ಹತ್ತಿರಕ್ಕೆ ಹೋಯಿತು. ಹಳೆಯ ಪ್ರತಿಗಳ ಕೆಳಅಂಚಿನಲ್ಲಿ ಮುದ್ರಣಾಲಯದ ಹೆಸರು ಇರುವುದುಂಟು. ಭೂತಗನ್ನಡಿ ಹಿಡಿದು ಕೆನ್ನೆಯ ಭಾಗ ನೋಡಿ. ಹಳೆಯ ಕಲ್ಲಚ್ಚಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ. ಈಗಿನ ಆಫ್‌ಸೆಟ್ ಅಚ್ಚಿನಲ್ಲಿ ಸಣ್ಣ ಸಣ್ಣ ಹೂವಿನಾಕಾರದ ಚುಕ್ಕಿಗುಂಪುಗಳು ಕ್ರಮವಾಗಿರುತ್ತವೆ. ಚೌಕಟ್ಟು ಹಳೆಯದು, ಒಳಗಿನ ಕಾಗದ ಹೋದ ವರ್ಷದ್ದು ಅನ್ನುವ ಜೋಡಿಯೂ ಉಂಟು, ಹಾಗಾಗಿ ಹಿಂಬದಿಯ ಹಲಗೆ, ಮೊಳೆಗಳನ್ನೂ ನೋಡಿ.

ಗ್ರಾಮಫೋನು ಕಂಡರೆ ದೂರ ಸರಿಯಿರಿ ಅನ್ನುವುದೇ ನನ್ನ ಸಲಹೆ. ಫಳಫಳ ಹಿತ್ತಾಳೆ ಕೊಂಬು, ಎಂಟು ಮೂಲೆಯ ಪೆಟ್ಟಿಗೆ, ನಾಯಿಯ ಚಿತ್ರದ ಹೊಸ ಬಿಲ್ಲೆ ಇರುವುದರಲ್ಲಿ ಬಹುಪಾಲು ಈಚೆಗೆ ಜೋಡಿಸಿದ ಅಲಂಕಾರದ ಸಾಮಾನು. ಹಳ್ಳಿಯ ಮನೆಯೊಳಗೆ ಅದು ಹೇಗೆ ಬಂತು ಅಂತ ಕೇಳಿದರೆ ಮನೆಯವರಿಗೇ ಗೊತ್ತಿರುವುದಿಲ್ಲ, ಯಾಕೆಂದರೆ ವ್ಯಾಪಾರಿ ಹಿಂದಿನ ರಾತ್ರಿ ತಂದಿಟ್ಟಿರುತ್ತಾನೆ. ಗೋಡೆ ಗಡಿಯಾರವಾದರೆ ಲೋಲಕ, ಕೀಲಿ ಎರಡೂ ಇವೆಯೇ ನೋಡಿ, ಐದು ನಿಮಿಷ ಓಡಿಸಿ ಟಿಕ್ ಟಿಕ್ ಸಮವಾಗಿದೆಯೇ ಕೇಳಿ. ಹಳೆಯ ವಾಲ್ವ್ ರೇಡಿಯೊವನ್ನು ಅಲ್ಲೇ ಪ್ಲಗ್ಗಿಗೆ ಹಾಕಿ ನೋಡಬೇಡಿ, ಒಳಗಿನ ಒಣಗಿದ ಬಿಡಿಭಾಗ ಸುಟ್ಟುಹೋಗುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ನಡೆಸಿದ ಊರು ಮೈಸೂರು; ಆ ಅಭಿಮಾನಕ್ಕೆ ಒಂದು ರೇಡಿಯೊ ಇಟ್ಟುಕೊಳ್ಳುತ್ತೇನೆ ಅಂದರೆ ಇಟ್ಟುಕೊಳ್ಳಿ, ಹಾಡುತ್ತದೆ ಅನ್ನುವ ಭರವಸೆಗೆ ದುಡ್ಡು ಕೊಡಬೇಡಿ. ಉಪ್ಪಿನಕಾಯಿ ಜಾಡಿಗೆ ಗೆಣ್ಣಿನಿಂದ ಕುಟ್ಟಿ ನೋಡಿದರೆ ಸಾಕು.

ಕೈ ಹಾಕಬಾರದ ಸಾಮಾನು

ಗೌಡರ ಮನೆ ಪಡಸಾಲೆಯಲ್ಲಿ ಜಿಂಕೆ ಕೊಂಬು, ಕಾಡೆಮ್ಮೆ ಕೊಂಬು ಇರುವುದು ಸಾಮಾನ್ಯ. ಅಜ್ಜನ ಕಾಲದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಮಾರಾಟ, ಕೊಳ್ಳುವಿಕೆ ಅಪರಾಧ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ರಾಜ್ಯದಲ್ಲಿ ಎಷ್ಟು ಸದ್ದು ಮಾಡಿತು ಅನ್ನುವುದು ನೆನಪಿರಬೇಕು. ಮೈಸೂರಿನವರು ವಿಶೇಷವಾಗಿ ನೋಡಬೇಕಾದ್ದು ಬೀಟೆಮರವನ್ನು ಕೆತ್ತಿ ಬಿಳಿ ಚೂರುಗಳನ್ನು ಕೂರಿಸಿದ ಹಳೆಯ ಪೆಟ್ಟಿಗೆ, ಟೀಪಾಯಿಗಳನ್ನು. ಈಗಿನ ಕುಶಲಕರ್ಮಿಗಳು ಪ್ಲಾಸ್ಟಿಕ್ಕು ಕೂರಿಸುತ್ತಾರೆ. ಹಿಂದೆ ಅದೇ ಜಾಗದಲ್ಲಿ ಆನೆದಂತ ಇರುತ್ತಿತ್ತು. ಭೂತಗನ್ನಡಿಯಲ್ಲಿ ಬಿಳಿ ಭಾಗದ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳ ಜಾಲ ಕಂಡರೆ ಎಷ್ಟೇ ಚೆಂದ ಇರಲಿ, ಕೆಳಗಿಡಿ.

ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪ, ಚಿತ್ರ, ನಾಣ್ಯ, ಕಲಾಕೃತಿಗಳು, ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಶಿಲೆ, ಲೋಹದ ಮೂರ್ತಿಗಳು, ಚಿತ್ರಗಳು ಇಂಥವನ್ನು ಇಟ್ಟುಕೊಂಡವರು ನೋಂದಾಯಿಸಿರಬೇಕು. ಕೈ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು. ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಆದ್ದರಿಂದ ಹಳೆಯ ದೇವರ ವಿಗ್ರಹಕ್ಕೆ ನೋಂದಣಿ ಪತ್ರ ಕೇಳಿ. ಪತ್ರವಿಲ್ಲ ಅಂದರೆ ಅದು ಯಾವ ಗುಡಿಯಿಂದ ಬಂದದ್ದೋ ಯಾರಿಗೆ ಗೊತ್ತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ಚಪ್ಪಡಿಯಲ್ಲಿ ಅಕ್ಷರ ಇದ್ದರೆ ಅಥವಾ ಕತ್ತಿ ಹಿಡಿದ ವೀರ ಇದ್ದರೆ ಕೊಳ್ಳಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.

ಓಲೆಗರಿಯ ಕಟ್ಟು ಸಿಕ್ಕರೆ ಬಿಚ್ಚಿ ಒಂದೊಂದು ಗರಿ ಮಾರುವವರಿದ್ದಾರೆ, ಫ್ರೇಮು ಹಾಕಿಸಲು ಕೊಳ್ಳುವವರೂ ಇದ್ದಾರೆ. ದಯವಿಟ್ಟು ಅದನ್ನು ತಡೆಯಿರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇಂಥ ಕಟ್ಟುಗಳನ್ನು ಕಾಪಾಡುತ್ತ ಬಂದಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ. 1909ರಲ್ಲಿ ಅದು ಅಚ್ಚಾಯಿತು. ಯಾವುದೋ ಪಂಡಿತರು ಒಂದು ಕಟ್ಟನ್ನು ತಂದು ಒಪ್ಪಿಸಿದ್ದರಿಂದ ಅದು ಉಳಿದುಕೊಂಡಿತು. ಮನೆಯವರಿಗೆ ಇಷ್ಟು ಹೇಳಿದರೆ ಬಹಳಷ್ಟು ಜನ ಹರಾಜಿನ ಪಟ್ಟಿಯಿಂದ ಕಟ್ಟನ್ನು ತೆಗೆಯುತ್ತಾರೆ.

ಶ್ರೀಗಂಧದ ತುಂಡು, ಲೈಸೆನ್ಸ್ ಇಲ್ಲದ ಕೋವಿ ಎರಡರ ಹತ್ತಿರವೂ ಹೋಗಬೇಡಿ. ತೇಗ, ಬೀಟೆಯ ತೊಲೆ ಕಂಬಗಳನ್ನು ಸಾಗಿಸಲು ಪರವಾನಗಿ ಬೇಕೇ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ನಿಂತು ಕೇಳುವುದು ತಡವಾಗುತ್ತದೆ.

ಮಿತಿ ಹಾಕಿಕೊಳ್ಳುವುದು

ಲೋಹದ ಸಾಮಾನಿಗೆ ಲೆಕ್ಕ ಸುಲಭ. ಹಿಂದಿನ ದಿನ ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ಕೆ.ಜಿ. ದರ ಕೇಳಿ, ಪಾತ್ರೆ ಅಂಗಡಿಯಲ್ಲಿ ಹೊಸ ಸಾಮಾನಿನ ಕೆ.ಜಿ. ದರ ಕೇಳಿ. ಉದಾಹರಣೆಗೆ ಗುಜರಿ ದರ 500, ಹೊಸದರ ದರ 900 ಅಂತಿಟ್ಟುಕೊಳ್ಳಿ. ಹಂಡೆ 14 ಕೆ.ಜಿ. ತೂಗಿದರೆ 7,000ಕ್ಕಿಂತ ಕೆಳಗೆ ಗುಜರಿಯವರು ಅದನ್ನು ಬಿಡುವುದಿಲ್ಲ, 12,600ಕ್ಕೆ ಹೊಸದೇ ಸಿಗುತ್ತದೆ. ಗಾಡಿ ಬಾಡಿಗೆ, ಬೆಸುಗೆ, ಹೊಳಪು ಮಾಡಿಸುವ ಖರ್ಚು ಕಳೆದು ನಿಮ್ಮ ಮಿತಿ ಈ ಎರಡರ ನಡುವೆ ಎಲ್ಲೋ ಇರಬೇಕು. ಕೆಲಸ ಬಹಳ ಚೆಂದ ಇದ್ದರೆ ಮಾತ್ರ ಮೇಲೆ ಹೋಗಿ. ಮರಕ್ಕೆ ಹೀಗೆ ಲೆಕ್ಕ ಸಿಗುವುದಿಲ್ಲ. ಅದೇ ಅಳತೆಯ ಮಂಚವನ್ನು ಹೊಸ ಮರದಲ್ಲಿ ಮಾಡಿಸಲು ಎಷ್ಟಾಗುತ್ತದೆ ಅಂತ ಗೊತ್ತಿರುವ ಬಡಗಿಯವರನ್ನು ಕೇಳಿ, ಅದಕ್ಕಿಂತ ಕೆಳಗಿರಿ. ಮಿತಿಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಜೊತೆಗೆ ಬಂದವರಿಗೂ ಹೇಳಬೇಡಿ, ಅಂಗಳದಲ್ಲಿ ಮಾತು ಹರಡಲು ಹೊತ್ತು ಹಿಡಿಯುವುದಿಲ್ಲ.

ಕೂಗು ಶುರುವಾದ ಮೇಲೆ

ಮೊದಲ ಅರ್ಧ ಗಂಟೆ ಕೈ ಕಟ್ಟಿಕೊಂಡು ನಿಲ್ಲಿ. ಕೂಗುವವರು ಎಷ್ಟೆಷ್ಟು ಏರಿಸುತ್ತಾರೆ, ಮೂರನೇ ಸರಿ ಅನ್ನುವ ಮೊದಲು ಎಷ್ಟು ಹೊತ್ತು ಕಾಯುತ್ತಾರೆ, ಯಾರ ಮುಖ ನೋಡುತ್ತಾರೆ ಅನ್ನುವುದು ತಿಳಿಯುತ್ತದೆ. ಕಮಿಷನ್ ಯಾರ ತಲೆಗೆ, ಸಾಮಾನು ಯಾವಾಗೊಳಗೆ ಎತ್ತಬೇಕು ಅನ್ನುವುದನ್ನು ಎಲ್ಲರ ಎದುರಿಗೇ ಕೇಳಿ.

1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಹರಾಜಿಗೆಂದೇ ಇದೆ. ಕೂಗುವವರು ಮುಗಿಯಿತೆಂದು ಸಾರುವ ತನಕ ನೀವು ನಿಮ್ಮ ಸವಾಲನ್ನು, ಅಂದರೆ ಕೂಗಿದ ಬೆಲೆಯನ್ನು, ಹಿಂತೆಗೆದುಕೊಳ್ಳಬಹುದು. ಮೂರನೇ ಸರಿ ಅಂದ ಮೇಲೆ ಇಲ್ಲ. ಪ್ರತಿ ಗುಡ್ಡೆಯೂ ಬೇರೆ ಬೇರೆ ವ್ಯವಹಾರ. ಮಾರುವವರು ತಾವೂ ಸವಾಲು ಹಾಕುವುದಾಗಿ ಮೊದಲೇ ಹೇಳಿರದಿದ್ದರೆ ತಮ್ಮವರನ್ನು ನಿಲ್ಲಿಸಿ ಬೆಲೆ ಏರಿಸುವಂತಿಲ್ಲ, ಹಾಗೆ ಸುಳ್ಳು ಸವಾಲಿನಿಂದ ಏರಿಸಿದ್ದರೆ ಕೊಂಡವರು ವ್ಯವಹಾರವನ್ನೇ ರದ್ದು ಮಾಡಬಹುದು. ಇದನ್ನೆಲ್ಲ ಅಂಗಳದಲ್ಲಿ ಓದಿ ಹೇಳಬೇಕಿಲ್ಲ. ಹಿಂದೆ ನಿಂತ ಒಬ್ಬರೇ ಎಲ್ಲ ಸಾಮಾನಿಗೂ ಸವಾಲು ಹಾಕಿ, ಒಂದನ್ನೂ ಕೊಳ್ಳದೆ ಹಿಂದೆ ಸರಿಯುತ್ತಿದ್ದರೆ ನೀವೂ ಅಲ್ಲಿಗೆ ನಿಲ್ಲಿಸಿ.

ವ್ಯಾಪಾರಿಗಳ ಕಟ್ಟು ಬೇರೆ. ಮೈಸೂರು, ಬೆಂಗಳೂರಿನಿಂದ ಬಂದವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ತಮ್ಮತಮ್ಮಲ್ಲಿ ಸ್ಪರ್ಧೆ ಮಾಡದೆ ಒಬ್ಬರ ಹೆಸರಲ್ಲಿ ಎತ್ತಿ, ಸಂಜೆ ಹೆದ್ದಾರಿ ಹೋಟೆಲ್ಲಿನ ಹಿಂದೆ ತಮ್ಮೊಳಗೇ ಇನ್ನೊಂದು ಹರಾಜು ನಡೆಸಿಕೊಳ್ಳುತ್ತಾರೆ. ಹೊಸಬರು ಕೈ ಎತ್ತಿದರೆ ಹೆದರಿಸಲು ಒಮ್ಮೆಗೇ ಎರಡು ಸಾವಿರ ಏರಿಸುವುದುಂಟು. ಜಗ್ಗಬೇಡಿ. ಅವರು ಮಾರಿ ಲಾಭ ಮಾಡಬೇಕು, ನೀವು ಮನೆಯಲ್ಲಿಟ್ಟುಕೊಳ್ಳುವವರು. ಅವರ ಲಾಭದಷ್ಟು ದೂರ ನೀವು ಹೆಚ್ಚು ಹೋಗಬಹುದು. ಚೀಟಿಯಲ್ಲಿ ಬರೆದ ಮಿತಿ ಬಂದಾಗ ನಿಲ್ಲುವುದೂ ಅಷ್ಟೇ ಮುಖ್ಯ. ‘ಇನ್ನೊಂದೈನೂರು ಹಾಕಿ ಎತ್ಕೊಂಡೋಗಣ್ಣ, ಇಂಥದ್ದು ಮತ್ತೆಲ್ ಸಿಕ್ಕದು’ ಅನ್ನುವ ಮಾತಿಗೆ ಸೋತವರ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಸಾಮಾನನ್ನು ಹೀಯಾಳಿಸಿ ಬೆಲೆ ಇಳಿಸುವ ಚಾಳಿ ಕೆಲವರಿಗಿದೆ. ಕಿಟಕಿಯ ಹಿಂದೆ ಆ ಮನೆಯ ಹೆಂಗಸರು ನಿಂತು ಕೇಳುತ್ತಿರುತ್ತಾರೆ. ಅದು ಬೇಡ.

ಯಾರ ಕಣ್ಣೂ ಬೀಳದ ಗುಡ್ಡೆಗಳನ್ನು ನೋಡಿ: ಸೇರು, ಪಾವು, ಚಟಾಕಿನ ಅಳತೆಗಳು, ಶಾವಿಗೆ ಒರಳು, ಎತ್ತಿನ ಗಂಟೆ, ಬಾಗಿಲಿನ ಅಗಣಿ, ಚಿಲಕ. ಅಗಣಿ, ಚಿಲಕವಂತೂ ಹೊಸ ಮನೆ ಕಟ್ಟುವವರಿಗೆ ಬಂಗಾರ. ಒರಳುಕಲ್ಲು ಕೇಳುವವರಿಲ್ಲದೆ ಬಿದ್ದಿರುತ್ತದೆ, ಆದರೆ ಕೊಳ್ಳುವ ಮೊದಲು ಅದನ್ನು ಎತ್ತಿ ನೋಡಿ.

ದುಡ್ಡು ಕೊಟ್ಟ ಮೇಲೆ

ರಸೀದಿ ಬರೆಸಿಕೊಳ್ಳಿ. ಅಚ್ಚಾದ ಪುಸ್ತಕ ಇರುವುದಿಲ್ಲ, ನೋಟ್‌ಬುಕ್ಕಿನ ಹಾಳೆಯಾದರೂ ಸರಿ: ಸಾಮಾನಿನ ವಿವರ, ಮೊತ್ತ, ತಾರೀಖು, ಮನೆಯ ಯಜಮಾನರ ಸಹಿ, ಇಬ್ಬರು ಸಾಕ್ಷಿ. ಸಾಮಾನಿನ ಫೋಟೊ ಆ ಅಂಗಳದಲ್ಲೇ ತೆಗೆಯಿರಿ. ಮುಂದೆ ಯಾರಾದರೂ ಕೇಳಿದರೆ ಎಲ್ಲಿಂದ ಬಂತು ಅನ್ನುವುದಕ್ಕೆ ಇದೇ ಆಧಾರ. ಬೀಗದ ಕೈ, ಲೋಲಕ, ಮಂಚದ ಗೂಟ, ಜಾಡಿ ಮುಚ್ಚಳ ಕೈಗೆ ಬಂದ ಮೇಲೆಯೇ ದುಡ್ಡು ಎಣಿಸಿ.

ಗೂಡ್ಸ್ ಆಟೊ ಸಣ್ಣ ಸಾಮಾನಿಗೆ ಸಾಕು. ಮಂಚ, ಬಾಗಿಲುವಾಡಕ್ಕೆ ಟಾಟಾ ಏಸ್ ಬೇಕು, ಬಾಡಿಗೆ ಬೆಳಗ್ಗೆಯೇ ಮಾತಾಡಿ. ಮಂಚವನ್ನು ಬಿಚ್ಚುವ ಮೊದಲು ಪ್ರತಿ ಕೂಡಿಗೂ ಸೀಮೆಸುಣ್ಣದಲ್ಲಿ ಅಂಕಿ ಹಾಕಿ. ಜಾಡಿಗಳ ನಡುವೆ ಭತ್ತದ ಹುಲ್ಲು ತುರುಕಿ, ಮಂಡ್ಯದ ಕಡೆ ಅದಕ್ಕೇನು ಬರವಿಲ್ಲ. ಎತ್ತಿಕೊಟ್ಟ ಹುಡುಗರಿಗೆ ಕೈತುಂಬ ಕೊಡಿ, ಮುಂದಿನ ಊರಿನಲ್ಲಿ ಯಾವ ಮನೆ ಬೀಳುತ್ತಿದೆ ಅನ್ನುವ ಸುದ್ದಿ ಅವರಿಂದಲೇ ಬರುವುದು.

ಮರದ ಸಾಮಾನನ್ನು ಮೊದಲು ಮನೆಯಾಚೆ ಇಟ್ಟು ಹುಳುವಿನ ಔಷಧಿ ಹೊಡೆಸಿ, ಪುಡಿ ಉದುರುವುದು ನಿಂತಿದೆಯೇ ನೋಡಿಕೊಂಡು ಒಳಗೆ ತನ್ನಿ. ದಿನಬಳಕೆಯ ಹಿತ್ತಾಳೆಯನ್ನು ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕಬಹುದು. ದೀಪದ ಕಂಬ, ಕೆತ್ತನೆಯ ತಟ್ಟೆಗಳ ಮೇಲಿನ ಕಂದು ಮೆರುಗನ್ನು ಮಾತ್ರ ತಿಕ್ಕಿ ತೆಗೆಯಬೇಡಿ, ಹಳೆಯದನ್ನು ಬಲ್ಲವರು ಬೆಲೆ ಕಟ್ಟುವುದು ಅದಕ್ಕೇ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡುವುದಾದರೆ ಕಲಾಯಿ ಹಾಕಿಸದೆ ಒಲೆಗೆ ಏರಿಸಬೇಡಿ; ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಹತ್ತಿಯಲ್ಲಿ ಒರೆಸುವುದನ್ನು ಎದುರಿಗೆ ಕೂತು ನೋಡಿ. ಅವರು ಬಳಸುವ ಕಡ್ಡಿಯನ್ನು ಮೊದಲು ಬಿಳಿ ಕಾಗದದ ಮೇಲೆ ಗೀಚಿ ನೋಡಿ. ಕಪ್ಪನೆಯ ಗೀರು ಬಿದ್ದರೆ ಅದರಲ್ಲಿ ಸೀಸ ಬೆರೆತಿದೆ, ಅವರಿಂದ ಮಾಡಿಸಬೇಡಿ.